ಬಾಳಪ್ಪ ಕಾಕಾನ ಮಾತು ತರಲು ಹೋದದ್ದು

ಗೋಕಾಕದಿಂದ ಮೂಡಲಗಿಗೆ ಮೊದಲ ಬಸ್ಸು ಏಳಕ್ಕೆ ಎಂದು ಫಲಕದ ಮೇಲೆ ಬರೆದಿತ್ತು. ಹೊರಟದ್ದು ಏಳೂ ಇಪ್ಪತ್ತಕ್ಕೆ. ಡಿಸೆಂಬರ್ ತಿಂಗಳ ಚಳಿ. ಕಿಟಕಿಯ ಗಾಜು ಅರ್ಧ ಮೇಲೇರಿ ಅಲ್ಲೇ ಸಿಕ್ಕಿಕೊಂಡಿತ್ತು, ಹೀಗಾಗಿ ನನ್ನ ಎಡಗಿವಿ ಮಾತ್ರ ಪ್ರಯಾಣದುದ್ದಕ್ಕೂ ಹೊರಗಿನ ಹವೆ ಸೇವಿಸಿತು. ಹನ್ನೆರಡು ರೂಪಾಯಿ ಕೊಟ್ಟು ಚೀಟಿ ತೆಗೆಸಿದೆ. ಕಂಡಕ್ಟರ್ ಮೂಗಿನಲ್ಲಿ ಮಾತಾಡುವವರು. ಬೇರೆ ದಿನವಾಗಿದ್ದರೆ ಅವರು ಮುಂದಿನ ಬಾಗಿಲಿಗೆ ಹೋದ ಕೂಡಲೇ ಅವರದೇ ದನಿಯಲ್ಲಿ ‘ಮುಂದ ಸರೀರಿ’ ಎಂದು ಹಿಂದಿನ ಸೀಟಿನವರನ್ನೆಲ್ಲ ಎಬ್ಬಿಸುತ್ತಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡು ಕೂತೆ. ನನ್ನ ಅಂಗಿಯ ಕಿಸೆಯಲ್ಲಿ ಒಂದು ಪೋಸ್ಟ್ ಕಾರ್ಡು ಇತ್ತು.

ನಾನು ಆಗ ಬಿ.ಎಸ್ಸಿ. ಎರಡನೇ ವರ್ಷ, ರಸಾಯನಶಾಸ್ತ್ರ. ಸಂಜೆ ಪತ್ರಿಕೋದ್ಯಮದ ಆರು ತಿಂಗಳ ತರಗತಿಗೂ ಸೇರಿದ್ದೆ. ಸಮಾಜಸೇವೆಯ ಹಂಬಲದಿಂದ ಎಂದು ಅರ್ಜಿಯಲ್ಲಿ ಬರೆದಿದ್ದೆ. ಇಡೀ ಕಾಲೇಜಿನಲ್ಲಿ ತಿರುಗುವ ಫ್ಯಾನು ಇದ್ದದ್ದು ಆ ಕೋಣೆಯಲ್ಲೊಂದೇ ಎಂಬುದನ್ನು ಬರೆದಿರಲಿಲ್ಲ. ಅಲ್ಲಿ ಎಲ್ಲ ಕಡೆಯ ಜನ ಇದ್ದೆವು. ವಾಣಿಜ್ಯ ಓದುತ್ತಿದ್ದ ಒಬ್ಬಳು ಊರ ಸುದ್ದಿಯನ್ನೂ ಜಮಾ-ಖರ್ಚಿನ ಹಾಗೆ ಎರಡು ಕಡೆಯಿಂದ ಕೇಳದೆ ಬರೆಯುತ್ತಿರಲಿಲ್ಲ. ಇತಿಹಾಸದ ಹುಡುಗ ಒಂದು ಬಾವಿಯ ವಿಷಯ ಬರೆಯಲು ಹೋಗಿ, ಕಲ್ಲು ಮಾತ್ರವಲ್ಲದೆ ಅಲ್ಲಿ ನೀರು ಸೇದುವ ಅಜ್ಜಿಯರೂ ದಾಖಲೆಯೇ ಎಂದು ಕಂಡುಕೊಂಡು ಬಂದಿದ್ದ. ನಾನು ಕಲಿತದ್ದು ಮಾತ್ರ ಇನ್ನೂ ಏನೂ ಇರಲಿಲ್ಲ. ನನಗೆ ಮಿಮಿಕ್ರಿ ಗೊತ್ತಿತ್ತಲ್ಲ, ಸಾಕು ಎಂದುಕೊಂಡಿದ್ದೆ. ಪ್ರಾಚಾರ್ಯರು, ಕ್ಯಾಂಟೀನಿನವರು, ಈ ತರಗತಿ ನಡೆಸುವ ನಮ್ಮ ಹಿರೇಮಠ ಸರ್, ಎಲ್ಲರೂ ನನ್ನ ಗಂಟಲೊಳಗೆ ಬಾಡಿಗೆಗೆ ಇದ್ದರು.

ತಪ್ಪು ಆದದ್ದೂ ಅಲ್ಲಿಯೇ. ಎರಡು ತಿಂಗಳ ಹಿಂದೆ ಸರ್ ನಮ್ಮನ್ನೆಲ್ಲ ತುಕ್ಕಾನಟ್ಟಿಯ ಒಂದು ಗಾಣದ ಮನೆಗೆ ಕರೆದೊಯ್ದಿದ್ದರು. ಬೆಲ್ಲ ಕಾಸುವ ಬಾಳಪ್ಪನವರ ಹತ್ತಿರ ನಾನು ನಿಂತದ್ದು ಹತ್ತು ನಿಮಿಷ. ಅದರಲ್ಲಿ ಎಂಟು ನಿಮಿಷ ಕಬ್ಬಿನ ಹಾಲು ಕುಡಿದೆ. ಕಡಾಯಿಯ ಬಾಜೂ ಒಂದು ಡಬ್ಬಿಯಲ್ಲಿ ಬಿಳಿ ಪುಡಿ ಕಂಡಿತು. ಬೆಲ್ಲವನ್ನು ಬೆಳ್ಳಗೆ ಮಾಡುವ ಹೈಡ್ರೋಸ್ ಎಂಬ ರಾಸಾಯನಿಕದ ಬಗ್ಗೆ ಅದೇ ವಾರ ಓದಿದ್ದೆ. ರಸಾಯನಶಾಸ್ತ್ರದವನಿಗೆ ಬಿಳಿ ಪುಡಿ ಕಂಡರೆ ಹೆಸರಿಡದೆ ಬಿಡಲಾಗುವುದಿಲ್ಲ. ಇಟ್ಟುಬಿಟ್ಟೆ. ಅಷ್ಟೇ ಆಗಿದ್ದರೆ ಒಂದು ಮಾತು. ಅವರ ದನಿ ನನಗೆ ಬಂದುಬಿಟ್ಟಿದ್ದರಿಂದ ಅವರ ಬಾಯಲ್ಲಿ ಒಂದು ಮಾತನ್ನೂ ನಾನೇ ಬರೆದೆ: ‘ಮಾಲು ಬೆಳ್ಳಗ ಕಾಣಬೇಕಂದ್ರ ಪೌಡರ್ ಹಾಕಬೇಕಾಗತೈತ್ರಿ.’ ಓದಿದವರೆಲ್ಲ ಥೇಟ್ ಅವರದೇ ಮಾತು ಎಂದರು. ಅದು ನಮ್ಮ ಅಭ್ಯಾಸ ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಮೂಡಲಗಿಯ ಒಂದು ವಾರಪತ್ರಿಕೆಯವರು ಎತ್ತಿ ತಮ್ಮದರಲ್ಲಿ ಹಾಕಿಕೊಂಡರು. ಅದು ಬಸ್ಸು ಹತ್ತಿ ಹುಕ್ಕೇರಿಗೆ ಹೋಯಿತು.

ಬಾಳಪ್ಪನವರ ಪೋಸ್ಟ್ ಕಾರ್ಡು ಬಂದದ್ದು ಆಮೇಲೆ. ಸಾಲಿಯ ಮಾಸ್ತರರಿಂದ ಬರೆಸಿದ್ದಿರಬೇಕು, ದುಂಡಗಿನ ಅಕ್ಷರ. ಬೆಲ್ಲ ಕೊಳ್ಳುವ ಹುಕ್ಕೇರಿಯ ಸಾವ್ಕಾರರು ಮಾಲು ಹೇರುವುದನ್ನು ನಿಲ್ಲಿಸಿದ್ದಾರೆ. ಇವರ ಬೆಲ್ಲ ಹೋಗುವುದು ಬಾಣಂತಿಯರಿರುವ ಮನೆಗಳಿಗೆ. ಅಂಥವರಿಗೆ ಪೌಡರ್ ತಿನ್ನಿಸಿದವನು ಎಂಬ ಹೆಸರು ಬಂದಿದೆ ಎಂದಿತ್ತು. ಕೊನೆಗೆ ಒಂದೇ ಪ್ರಶ್ನೆ: ‘ನಾ ಆಡದ ಮಾತು ನನ್ನ ಬಾಯಾಗ ಯಾಕ ಹಾಕಿದಿರಿ?’

ಹಿರೇಮಠ ಸರ್ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ಇಪ್ಪತ್ತು ವರ್ಷ ವರದಿಗಾರರಾಗಿದ್ದವರು, ಬೈಯುವುದಕ್ಕೂ ಹೆಚ್ಚು ಜಾಗ ಬಳಸುವುದಿಲ್ಲ. “ನೀನ ಹೋಗು,” ಎಂದರು. “ಬಾಯಿ ಇಲ್ಲೇ ಇಟ್ಟ ಹೋಗು. ಕಿವಿ ಅಷ್ಟ ತಗೊಂಡ ಹೋಗು.”

ಮೂಡಲಗಿಯಲ್ಲಿ ಇಳಿದಾಗ ಎಂಟೂವರೆ. ಒಂದು ಪ್ಲೇಟು ಚುರುಮುರಿಯ ಸೂಸಲಾ, ಎರಡು ಮಿರ್ಚಿ ಭಜಿ ತಿಂದು ಧೈರ್ಯ ಮಾಡಿಕೊಂಡು ವಾರಪತ್ರಿಕೆಯ ಕಚೇರಿ ಹುಡುಕಿದೆ. ಕಚೇರಿ ಎಂದರೆ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯ ಹಿಂದಿನ ಖೋಲಿ. ಸಂಪಾದಕರು ಬನಿಯನ್ನಿನ ಮೇಲೆ ಮಫ್ಲರ್ ಸುತ್ತಿಕೊಂಡು ಒಬ್ಬ ಮದುಮಗನ ಪದವಿಯನ್ನು ತಿದ್ದುತ್ತಿದ್ದರು. ನನ್ನ ಸುದ್ದಿಯನ್ನು ಯಾಕೆ ಎತ್ತಿಕೊಂಡರೆಂದರೆ ಆ ವಾರ ಅರ್ಧ ಕಾಲಂ ಖಾಲಿ ಬಿದ್ದಿತ್ತಂತೆ. ಅದನ್ನು ಮುಚ್ಚಿಡದೆ ಹೇಳಿದರು. ತಮ್ಮ ತಪ್ಪೂ ಇದೆ, ತಿದ್ದುಪಡಿ ಹಾಕುತ್ತೇನೆ ಎಂದರು. ನಾನು ಬರೆದುಕೊಂಡು ಬಂದಿದ್ದ ಎರಡು ಸಾಲಿನ ಕ್ಷಮಾಪಣೆಯನ್ನು ನೋಡಿ ಮಾತ್ರ ತಲೆ ಅಲ್ಲಾಡಿಸಿದರು.

“ತಪ್ಪಾತು ಅಂತ ಅಷ್ಟ ಹಾಕಿದರ ಓದವ ಏನ ತಿಳಕೋಬೇಕು? ಬಾಳಪ್ಪ ಯಾರನ್ನೋ ಹಿಡದ ಹೇಳಿಸ್ಯಾನ ಅಂತಾನ. ಖರೆ ಏನೈತಿ, ಅದನ್ನ ನೋಡಿ ಬರಕೊಂಡ ಬಾ. ನಾಳೆ ಮಧ್ಯಾಹ್ನದ ಮಟ ಜಾಗಾ ಹಿಡದ ಇಡ್ತೇನಿ.”

ತುಕ್ಕಾನಟ್ಟಿಗೆ ಬಂದು ಇಳಿದು, ಎರಡೂ ಬದಿ ಕಬ್ಬು ಇರುವ ಹಾದಿಯಲ್ಲಿ ನಡೆದೆ. ಕೈಯಲ್ಲಿ ಗೋಕಾಕದಿಂದ ತಂದ ಅರ್ಧ ಕಿಲೋ ಕರದಂಟು. ಬೆಲ್ಲ ಕಾಸುವವರ ಮನೆಗೆ ಬೆಲ್ಲದ ತಿನಿಸು ಹೊತ್ತು ಹೋದ ಮೊದಲ ಮನುಷ್ಯ ನಾನೇ ಇರಬೇಕು. ಬಾಳಪ್ಪನವರ ಹೆಂಡತಿ, ನಾನು ಆಮೇಲೆ ಕಾಕು ಎಂದು ಕರೆದವರು, ಪೊಟ್ಟಣ ಬಿಚ್ಚಿ ನೋಡಿ, ಇದನ್ನೂ ಪೇಪರಿನಲ್ಲಿ ಹಾಕುತ್ತೀಯೇನು ಎಂದು ಕೇಳಿದರು.

ಬೈಗಳಿಗೆ ತಯಾರಾಗಿ ಹೋಗಿದ್ದೆ. ಬಾಳಪ್ಪನವರು ಬೈಯಲಿಲ್ಲ. ಅರವತ್ತರ ಹತ್ತಿರದ, ಹೊಗೆಯಲ್ಲಿ ಒಣಗಿದ ಮೈಯ ಮನುಷ್ಯ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಬೆವರು. ಕ್ಷಮಾ ಮಾಡ್ರಿ ಎಂದೆ. ಅವರು ಕುಳಿತುಕೊಳ್ಳಲು ಒಂದು ಕಟ್ಟಿಗೆಯ ತುಂಡು ತೋರಿಸಿದರು. ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದ ಆಳುಗಳು ಮಾತ್ರ ಬಿಡಲಿಲ್ಲ. ಕಾಕಾನ ಹಂಗ ಮಾತಾಡ್ತೀಯಂತಲ್ಲ, ಆಡಿ ತೋರಸು ಎಂದು ಗಂಟು ಬಿದ್ದರು. ಬೇಡವೆಂದರೂ ಕೇಳಲಿಲ್ಲ. ತಲೆ ತಗ್ಗಿಸಿ, ಆ ಪೌಡರಿನ ಮಾತನ್ನೇ ಅವರ ದನಿಯಲ್ಲಿ ಆಡಿದೆ. ಆಳುಗಳು ನಕ್ಕರು. ಬಾಳಪ್ಪನವರೂ ಸ್ವಲ್ಪ ನಕ್ಕರು, ಆಮೇಲೆ ಹೇಳಿದರು:

“ದನಿ ನಂದ ಐತಿ ತಮ್ಮಾ. ಮಾತ ನಂದಲ್ಲ.”

ಮುಂದೆ ನಾನು ಮಾಡಿದ್ದು ಒಂದೇ ಕೆಲಸ, ಒಂದು ಕಡಾಯಿಯನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದು. ಕಬ್ಬಿನ ಹಾಲು ಹಾಕಿದ್ದು, ಬೆಂಕಿ ಏರಿಸಿದ್ದು, ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ನೆನೆಸಿದ ಲೋಳೆಯನ್ನು ಸುರಿದದ್ದು. ಲೋಳೆ ಬಿದ್ದ ಮೇಲೆ ಹಾಲಿನೊಳಗಿನ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬಂತು. ಅದನ್ನು ಉದ್ದ ಹಿಡಿಕೆಯ ಜಾಲರಿಯಿಂದ ಎತ್ತೆತ್ತಿ ಹಾಕಿದರು. ಹೀಗಾಗಿಯೇ ಅವರ ಬೆಲ್ಲಕ್ಕೆ ಹೊಳಪು. ಬಿಳಿ ಪುಡಿಯ ಡಬ್ಬಿ ಅಲ್ಲಿಯೇ ಇತ್ತು. ಇದೇನು ಎಂದು ಕೇಳಿದೆ. ಎರಡು ತಿಂಗಳ ಹಿಂದೆ ಕೇಳಬೇಕಿದ್ದ ಪ್ರಶ್ನೆ, ಒಂದೇ ಶಬ್ದ.

ಸುಣ್ಣ. ಹಾಲಿನ ಹುಳಿ ಮುರಿಯಲು ಒಂದು ಚಿಟಿಕೆ.

ನಾನು ವಿಜ್ಞಾನಿಯ ಗತ್ತಿನಲ್ಲಿ ಪರೀಕ್ಷೆ ಮಾಡಿ ನೋಡುತ್ತೇನೆ ಎಂದು ಕಾಕುವಿನ ಹತ್ತಿರ ಚೂರು ಅರಿಷಿಣ ಕೇಳಿ, ನೀರಿನಲ್ಲಿ ಕಲೆಸಿ, ಪುಡಿ ಹಾಕಿದೆ. ಕೆಂಪಾಯಿತು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ತಟ್ಟೆ ಹಿಡಿದ ಪ್ರತಿ ಹೆಣ್ಣುಮಗಳಿಗೂ ಗೊತ್ತು. ಇದನ್ನು ತಿಳಿಯಲು ನಿಮ್ಮಪ್ಪ ಫೀ ತುಂಬುತ್ತಾನೇನು ಎಂದು ಕಾಕು ಕೇಳಿದರು. ಪ್ರಯೋಗಶಾಲೆಯಲ್ಲಿ ನಾವು ಪುಡಿಗೆ ನೂರು ಪ್ರಶ್ನೆ ಕೇಳುತ್ತೇವೆ. ಪುಡಿಯ ಬಾಜೂ ನಿಂತ ಮನುಷ್ಯನಿಗೆ ಒಂದನ್ನೂ ಕೇಳುವುದಿಲ್ಲ. ಹಿರೇಮಠ ಸರ್ ಫ್ಯಾನಿನ ಕೆಳಗೆ ತಿಂಗಳುಗಟ್ಟಲೆ ಹೇಳಿದ್ದು ಇಷ್ಟೇ ಇತ್ತು, ನನಗೆ ಗಾಳಿ ಮಾತ್ರ ತಗುಲಿತ್ತು.

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಅವರು ಆಡಿದ ಮಾತನ್ನು ಅವರು ಆಡಿದ ಹಾಗೆಯೇ. ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ ಉಂಡ ಮೇಲೆ ಬಾಳಪ್ಪನವರು ಅದೇ ಕಡಾಯಿಯ ಒಂದು ಸಣ್ಣ ಪೆಂಟಿ ಬೆಲ್ಲವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿದರು. ನಡಿ, ಸಾವ್ಕಾರರ ಮುಂದ ಇದನ್ನ ನೀನ ಹೇಳಬೇಕು ಎಂದರು.

ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟಿದಾಗ ನಾಲ್ಕೂವರೆ. ಸಂತೆಯ ದಿನ, ಮೆಣಸಿನಕಾಯಿಯ ಘಾಟಿಗೆ ಊರೇ ಸೀನುತ್ತಿತ್ತು. ಸಾವ್ಕಾರ ಪಾಯಪ್ಪನವರ ಅಂಗಡಿಯಲ್ಲಿ ಅವರಿರಲಿಲ್ಲ. ಸೊಸೆ ತವರಲ್ಲಿ ಹಡೆದಿದ್ದಾಳೆ, ಮೊಮ್ಮಗಳ ಮುಖ ನೋಡಲು ಬೆಲ್ಲದ ಬಾಗೇವಾಡಿಗೆ ಹೋಗಿದ್ದಾರೆ ಎಂದರು ಗುಮಾಸ್ತರು. ನಾಳೆ ಬರೋಣವೇ ಎಂದೆ. ಬಾಳಪ್ಪನವರು ಆಗಲೇ ಟೆಂಪೋ ನಿಲ್ಲಿಸಿದ್ದರು. ಹತ್ತು ಜನ ಕೂರುವಲ್ಲಿ ಹತ್ತೊಂಬತ್ತು ಜನ ಇದ್ದೆವು. ಬೆಲ್ಲದ ಪೆಂಟಿಯನ್ನು ಅವರು ಕೂಸಿನ ಹಾಗೆ ಎದೆಗೆ ಹಿಡಿದಿದ್ದರು. ಯಾರೋ ನಿಜವಾಗಿಯೂ ಕೂಸೆಂದೇ ತಿಳಿದು ಜಾಗ ಬಿಟ್ಟರು.

ನಾವು ಸಾವ್ಕಾರರ ಬೀಗರ ಮನೆಯ ಅಂಗಳ ಹೊಕ್ಕಾಗ ಹೊತ್ತು ಮುಳುಗಿತ್ತು. ಪಾಯಪ್ಪನವರು ಊಟ ಮುಗಿಸಿ ಬಾಯಿ ಮುಕ್ಕಳಿಸಿ ತಂಬಿಗೆ ಕೆಳಗಿಡುತ್ತಿದ್ದರು. ಜೈನರ ಮನೆ, ಕತ್ತಲಾದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಬಾಳಪ್ಪನವರು ವಸ್ತ್ರ ಬಿಚ್ಚಿ ಬೆಲ್ಲ ಮುಂದಿಟ್ಟರು. ಸಾವ್ಕಾರರು ಒಳಗೆ ಮರಾಠಿಯಲ್ಲಿ ದೀಪ ತರಲು ಹೇಳಿ, ಬೆಲ್ಲವನ್ನು ತಿರುಗಿಸಿ ನೋಡಿದರು, ಮೂಸಿದರು, ಮುರಿಯಲಿಲ್ಲ.

“ಇನ್ನ ನಾ ತಿಂದ ನೋಡಾಕ ಬರೂದಿಲ್ಲ ಬಾಳಪ್ಪಾ. ಹೇಳೂದಿದ್ದರ ಹೇಳ್ರಿ.”

ಬಾಳಪ್ಪನವರು ನನ್ನ ಕಡೆ ನೋಡಿದರು. ನಾನೇ ಆ ಸುದ್ದಿ ಬರೆದವನು ಎಂದೆ. ನೋಟ್‌ಬುಕ್ಕು ತೆಗೆದು ಓದಿದೆ, ನನ್ನದೇ ಸಪ್ಪೆ ದನಿಯಲ್ಲಿ. ಬಹಳ ದಿನಗಳಿಂದ ಬಳಸದೆ ಇದ್ದದ್ದಕ್ಕೋ ಏನೋ, ಅದು ಸ್ವಲ್ಪ ನಡುಗಿತು. ಸಾವ್ಕಾರರು ಪೂರ್ತಿ ಕೇಳಿ ಒಂದು ಪ್ರಶ್ನೆ ಹಾಕಿದರು.

“ಅಂದ್ರ ಇಂವಾ ಎಂದೂ ಪೌಡರ್ ಹಾಕೂದಿಲ್ಲ ಅಂತೀ?”

ಹೌದು ಅಂದುಬಿಡುವುದು ಎಷ್ಟು ಸುಲಭವಿತ್ತು. ಇಡೀ ದಿನ ನನಗೆ ಉಣಿಸಿದವರು ಬಾಜೂ ಕೂತಿದ್ದರು, ಅವರ ಗಾಣದ ಮನೆಯಲ್ಲಿ ಮಾರದ ಪೆಂಟಿಗಳು ಗೋಡೆಯಷ್ಟು ಎತ್ತರ ನಿಂತಿದ್ದವು. ನಾಲಿಗೆ ಆಗಲೇ ಅರ್ಧ ದಾರಿ ಬಂದಿತ್ತು.

“ನಾ ಒಂದ ಕಡಾಯಿ ನೋಡೇನ್ರಿ,” ಎಂದೆ. “ಅದರಾಗ ಹಾಕಿಲ್ಲ. ಉಳದದ್ದ ನನಗ ಗೊತ್ತಿಲ್ಲ.”

ಬಾಳಪ್ಪನವರು ನನ್ನತ್ತ ನೋಡಿದ ರೀತಿಗೆ ಎದ್ದು ಗೋಕಾಕದವರೆಗೆ ಓಡಿಹೋಗಬೇಕು ಅನ್ನಿಸಿತು.

“ಮೊದಲ ಬರದಾಗ ಎಷ್ಟ ಕಡಾಯಿ ನೋಡಿದ್ದಿ?” ಸಾವ್ಕಾರರು ಕೇಳಿದರು.

“ಒಂದೂ ಪೂರಾ ನೋಡಿದ್ದಿಲ್ರಿ.”

ಸಾವ್ಕಾರರು, ಇವತ್ತು ಇಲ್ಲೇ ಇರ್ರಿ ಎಂದು ಎದ್ದು ಹೋದರು. ನಮ್ಮಿಬ್ಬರಿಗೂ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಒಳಗೆ ಕೂಸು ಅತ್ತು ಸುಮ್ಮನಾಗುತ್ತಿತ್ತು. ಬಾಳಪ್ಪನವರು ನನ್ನ ಕಡೆ ಬೆನ್ನು ಮಾಡಿ ಮಲಗಿದರು.

ಬೆಳಿಗ್ಗೆ ಪಾಯಪ್ಪನವರು ಸ್ನಾನ ಮಾಡಿ, ಬಸದಿಗೆ ಹೋಗಿ ಬಂದು, ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಬೆಲ್ಲದ ಮುಂದೆ ಕೂತರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅಷ್ಟು ಹೊತ್ತು ಒಂದು ಚೂರು ಬೆಲ್ಲವನ್ನು ಯಾರೂ ತಿಂದದ್ದನ್ನು ನಾನು ನೋಡಿಲ್ಲ. ಆಮೇಲೆ ಉಳಿದ ಪೆಂಟಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಬಾಗಿಲಲ್ಲಿ ನಿಂತ ಬೀಗಿತಿಯ ಕೈಗೆ ಕೊಟ್ಟರು.

“ಸೊಸಿಗಿ ಅಂಟಿನ ಉಂಡಿ ಇದರಾಗ ಕಟ್ಟ್ರಿ,” ಎಂದರು.

ತಮ್ಮ ಮನೆಯ ಬಾಣಂತಿಗೇ ತಿನ್ನಿಸುವ ಬೆಲ್ಲವನ್ನು ಇನ್ನು ಅಂಗಡಿಗೆ ಹೇರದೆ ಬಿಡುತ್ತಾರೆಯೇ? ಬಾಳಪ್ಪನವರು ವಸ್ತ್ರವನ್ನು ಝಾಡಿಸಿ ಮಡಚಿಕೊಂಡರು.

ಮರಳಿ ಬರುವ ಬಸ್ಸಿನಲ್ಲಿ ಮೂಡಲಗಿಗೆ ಕೊಡಬೇಕಾದ ಬರಹವನ್ನು ತೊಡೆಯ ಮೇಲಿಟ್ಟು ಬರೆದೆ. ಬಾಳಪ್ಪನವರು ಓದಿ ಹೇಳು ಎಂದರು. ರಾತ್ರಿಯ ನಂತರ ಅವರು ನನಗೆ ಆಡಿದ ಮೊದಲ ಮಾತು ಅದು. ಕಣ್ಣು ಕಿಟಕಿಯ ಹೊರಗಿಟ್ಟು ಕೇಳಿದರು, ಒಂದು ಕಡೆ ಕೈ ಎತ್ತಿದರು.

“ಮೂರ ತಾಸ ಕುದಿಸ್ತಾರ ಅಂತ ಬರದಿ. ಮೂರ ಅಲ್ಲ, ನಿನ್ನೆ ಮೂರೂವರಿ ಆತು. ಹಾಲ ತೆಳ್ಳಗಿತ್ತು.”

ಹೊಡೆದು ಹಾಕಿ, ಮೂರೂವರೆ ಎಂದು ಬರೆದೆ. ಅವರು ಬಗ್ಗಿ ಅಂಕಿಯನ್ನು ನೋಡಿ, ಈಗ ಕಳಸು ಎಂದರು.

ತುಕ್ಕಾನಟ್ಟಿಯಲ್ಲಿ ಅವರು ಇಳಿದರು. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಿಂದ ನೋಡಿದೆ. ಖಾಲಿ ವಸ್ತ್ರವನ್ನು ತಲೆಗೆ ಸುತ್ತಿಕೊಂಡು, ಕಬ್ಬಿನ ನಡುವೆ ಹೊಗೆ ಏಳುತ್ತಿದ್ದ ಕಡೆಗೆ ದೊಡ್ಡ ಹೆಜ್ಜೆ ಹಾಕುತ್ತಿದ್ದರು, ಕಡಾಯಿಗೆ ಹೊತ್ತಾದವರ ಹಾಗೆ.