ವಾಗೀಶನ ಗೇರಿಲ್ಲದ ಸೈಕಲ್ಲು

ವಾಗೀಶ ಕೆಲಸಕ್ಕೆ ಕೈ ಹಾಕದೆ ಕೂತವನಲ್ಲ. ಹಾಕಿದ್ದನ್ನು ಮುಗಿಸಿದವನೂ ಅಲ್ಲ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ಅವನ ಮನೆಗೆ ಒಂದು ಸಲ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀದಿ ಗೇಟು ಅರ್ಧ ಹಸಿರು ಬಣ್ಣ, ಅರ್ಧ ತುಕ್ಕು. ಹಜಾರದ ಟ್ಯೂಬ್‌ಲೈಟನ್ನು ಒಂದು ಕಡೆ ಸ್ಕ್ರೂ ಹಿಡಿದಿದೆ, ಇನ್ನೊಂದು ಕಡೆ ದಾರ ಹಿಡಿದಿದೆ. ಬಚ್ಚಲಮನೆಯ ನಲ್ಲಿಯನ್ನು ಅವನೇ ಕೂರಿಸಿದ್ದು, ಹಾಗಾಗಿ ತಿರುಗಿಸುವಾಗ ಇನ್ನೊಂದು ಕೈಯಲ್ಲಿ ಪೈಪನ್ನು ಹಿಡಿದುಕೊಂಡಿರಬೇಕು. ಬಂದ ನೆಂಟರಿಗೆ ಟವೆಲು ಕೊಡುವಾಗಲೇ ಅವನ ಹೆಂಡತಿ ಭಾನುಮತಿ ಈ ಮಾತನ್ನೂ ಹೇಳಿ ಕಳಿಸುತ್ತಾಳೆ.

ಇಷ್ಟು ವರ್ಷ ಕಣ್ಣಿಟ್ಟು ನೋಡಿ ಭಾನುಮತಿ ಅವನ ಒಂದು ಗುಟ್ಟನ್ನು ತಿಳಿದುಕೊಂಡಿದ್ದಳು. ಯಾವ ನಟ್ಟೇ ಇರಲಿ, ಅವನು ಮುಕ್ಕಾಲು ಭಾಗ ಶ್ರದ್ಧೆಯಿಂದ ತಿರುಗಿಸುತ್ತಾನೆ. ಕೊನೆಯ ಸುತ್ತು ಬರುವ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಿ, "ಭಾನು, ಒಂದು ಲೋಟ ಕಾಫಿ ಕೊಡ್ತೀಯಾ?" ಅನ್ನುತ್ತಾನೆ. ಕಾಫಿ ಕುಡಿದ ಮೇಲೆ ಆ ನಟ್ಟು ಅವನ ಪಾಲಿಗೆ ಬಿಗಿಯಾಗಿಬಿಟ್ಟಿರುತ್ತದೆ.

ಒಂದು ಸಂಘದಲ್ಲಿ ಗುಮಾಸ್ತನಾಗಿದ್ದವನು, ಮ್ಯಾನೇಜರಿಗೆ ತನ್ನ ಯೋಗ್ಯತೆ ಅರ್ಥವಾಗುವುದಿಲ್ಲ ಅಂತ ಮೊದಲೇ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದ. ಯೋಗ್ಯತೆ ಅಂದರೆ ಅವನ ತಾತನದು. ತಾತ ಅರಮನೆಯ ಗಡಿಯಾರಗಳಿಗೆ ಕೀ ಕೊಡುತ್ತಿದ್ದರಂತೆ. "ನಮ್ಮದು ಯಂತ್ರದ ರಕ್ತ ಕಣೇ" ಅನ್ನುತ್ತಿದ್ದ ವಾಗೀಶ. ಮನೆಯ ಗೋಡೆ ಗಡಿಯಾರ ನಿಂತು ಮೂರು ದಸರಾ ಕಳೆದಿತ್ತು.

ಮೊದಲು ಜೇನುಪೆಟ್ಟಿಗೆ ತಂದ. ಜೇನು ಬರಲಿಲ್ಲ, ಗೆದ್ದಲು ಬಂತು. ಆಮೇಲೆ ಅಣಬೆ. ಅದಾದ ಮೇಲೆ ಸೈಕಲ್ಲು. ಹಿತ್ತಿಲಿನ ಶೀಟು ಹೊದಿಸಿದ ಶೆಡ್ಡು ಅವನ ಕಾರ್ಖಾನೆಯಾಯಿತು. ಅಲ್ಲಿಗೆ ಬಂದ ಸೈಕಲ್ಲುಗಳಿಗೆ ಲೆಕ್ಕವಿಲ್ಲ, ಹೋದದ್ದು ಮಾತ್ರ ಒಂದೂ ಇಲ್ಲ.

ಕೊನೆಗೆ ಬಂದದ್ದು ವಿದ್ಯಾರಣ್ಯಪುರಂನ ಒಬ್ಬ ನಿವೃತ್ತ ಮೇಷ್ಟರ ಮನೆಯದು. ಅವರ ಮಗ ಕಾಲೇಜಿನಲ್ಲಿದ್ದಾಗ ಓಡಿಸುತ್ತಿದ್ದ ರೇಸಿನ ಸೈಕಲ್ಲು. ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲು, ತೆಳು ಟೈರು, ಹಿಂದೆ ಒಂದರ ಮೇಲೊಂದು ಗೇರಿನ ಹಲ್ಲುಚಕ್ರಗಳು. ಒರೆಸಿ, ಗಾಳಿ ಹೊಡೆದು, ಹಾಗೇ ಮಾರಿದ್ದರೆ ಆ ವಾರವೇ ಹೋಗುತ್ತಿತ್ತೇನೋ. ಆದರೆ ವಾಗೀಶನಿಗೆ ಅದು ಸಾಲದು. ಇದನ್ನು "ಸಿಂಗಲ್ ಸ್ಪೀಡು" ಮಾಡುತ್ತೇನೆ ಅಂದ. ಅಂದರೆ ಗೇರೆಲ್ಲ ಕಿತ್ತು ಹಿಂದೆ ಒಂದೇ ಹಲ್ಲುಚಕ್ರ, ಮುಂದೆ ಒಂದೇ ಹಲ್ಲುಚಕ್ರ, ಚೈನು ಗಿಡ್ಡ.

"ಗೇರು ಇರೋದು ಸೋಮಾರಿಗಳಿಗೆ" ಅಂದ. "ಸೈಕಲ್ ತಿಳಿದವನಿಗೆ ಒಂದು ಸ್ಪೀಡು ಸಾಕು. ಹೆಬ್ಬಾಳದ ಕಂಪನಿ ಹುಡುಗರು ಕಣ್ಣಿಗೆ ಒತ್ತಿಕೊಂಡು ತಗೋತಾರೆ."

"ನಿಮಗೆ ಆ ಒಂದೂ ಇಲ್ಲವಲ್ಲ" ಅಂದಳು ಭಾನುಮತಿ. ಮೆಲ್ಲಗೇ ಅಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಹೆಂಡತಿಯ ಮಾತನ್ನು ಕೇಳಿಸಿಕೊಳ್ಳುವ ಅಭ್ಯಾಸ ಅವನಿಗೆ ಮದುವೆಯಾದಾಗಿನಿಂದಲೂ ಇರಲಿಲ್ಲ.

ಆ ಶೆಡ್ಡು ಭಾನುಮತಿಗೆ ಬೇಕಾಗಿತ್ತು. ಅವಳೂ ಮನೆಗೆಲಸಕ್ಕೆ ಬರುತ್ತಿದ್ದ ಚಲುವಮ್ಮನೂ ಕೂಡಿಕೊಂಡು ಹುಳಿಪುಡಿ, ಸಾರಿನಪುಡಿ ಮಾಡಿ ಮಾರುತ್ತಿದ್ದರು. ಹುರಿಯುವುದು ಚಲುವಮ್ಮ, ಹದ ನೋಡುವುದು ಭಾನುಮತಿ. ಪುಡಿಯನ್ನು ಕೇಳುವವರು ಹೆಚ್ಚಾಗಿ, ಗೌರಿಹಬ್ಬದ ಹೊತ್ತಿಗೆ ಇಬ್ಬರೂ ಸೇರಿ ಪುಡಿ ಮಾಡುವ ಒಂದು ಮಿಷನ್ನು ತರಿಸಿದರು. ಅದನ್ನು ನೆಲಕ್ಕೆ ನಟ್ಟು ಬೋಲ್ಟು ಹಾಕಿ ಕೂರಿಸಬೇಕು. ಕೂರಿಸಲು ಜಾಗವೆಲ್ಲಿ? ಹಜಾರದಲ್ಲಿ ಹಳೇ ಬೆಡ್‌ಶೀಟು ಹೊದ್ದುಕೊಂಡು ನಿಂತಿತು. ಬಂದವರೆಲ್ಲ, "ಇದೇನು, ಹೊಸ ಫ್ರಿಜ್ಜಾ?" ಅಂತ ಕೇಳಿ ಹೋದರು.

"ಅಮ್ಮಾವ್ರೇ, ಹಿಂಗೇ ಬುಟ್ರೆ ನಮ್ಮ ಮಿಷನ್ನು ಮದ್ವೆ ಆಗ್ದೇ ಮುದುಕಿಯಾಯ್ತದೆ" ಅಂದಳು ಚಲುವಮ್ಮ. "ಯಜಮಾನ್ರನ್ನ ಒಂದ್ ಮಾತು ಕೇಳ್ಬುಡಿ."

ಭಾನುಮತಿ ಕೇಳಿದಳು. ಚಲುವಮ್ಮನ ಎದುರಿಗೇ, ಊಟದ ಹೊತ್ತಿನಲ್ಲಿ ಕೇಳಿದಳು. "ಆಯುಧಪೂಜೆಯ ದಿನ ಕಳೆಯೋದರೊಳಗೆ ಒಂದೇ ಒಂದು ಸೈಕಲ್ಲು ಮಾರಾಟವಾಗಿ ಗೇಟು ದಾಟಲಿ. ಇನ್ನು ಆ ಶೆಡ್ಡಿನ ಮಾತು ಎತ್ತಲ್ಲ. ದಾಟದಿದ್ದರೆ ಮಾರನೇ ದಿನ ಮಿಷನ್ನು ಅಲ್ಲಿಗೆ ಹೋಗಬೇಕು."

"ಒಂದೇನು, ನಾಲ್ಕು ದಾಟುತ್ತೆ" ಅಂದ ವಾಗೀಶ, ಸಾರಿಗೆ ತುಪ್ಪ ಬಡಿಸಿಕೊಳ್ಳುತ್ತಾ. "ಒಪ್ಪಿದೆ."

ಅಲ್ಲಿಂದ ಶುರುವಾಯಿತು ಅವನ ತಪಸ್ಸು. ಗೇರು ಬಿಚ್ಚಲು ಒಂದು ದಿನ, ಬಿಚ್ಚಿದ ಗೇರಿನ ಅಂದಚೆಂದವನ್ನು ಹೋಗಿಬರುವವರಿಗೆ ತೋರಿಸಲು ಒಂದು ವಾರ. ಕಡ್ಡಿಗಳಿಗೆ ಸಾಬೂನು. ಹ್ಯಾಂಡಲಿಗೆ ಕಂದು ಬಣ್ಣದ ಪಟ್ಟಿ. ಬಣ್ಣಕ್ಕೇ ಹತ್ತು ದಿನ: ಒಂದು ದಿನ ಕೆನೆ ಬಣ್ಣ, ಒಂದು ದಿನ ಬೂದಿ ಬಣ್ಣ, ಕೊನೆಗೆ ಮತ್ತೆ ಕೆನೆ. ಹಿಂದಿನ ಚಕ್ರಕ್ಕೆ ಕೈಯಲ್ಲೇ ಮಡಿಸಿ ಬಿಗಿ ಮಾಡುವ ಒಂದು ಹಿಡಿಕೆ ಇತ್ತು. ಸ್ಪ್ಯಾನರ್ ಗೀನರ್ ಏನೂ ಬೇಡ, ಮಗು ಕೂಡ ಬಿಗಿ ಮಾಡಬಹುದು. ಅದು ಚೆನ್ನಾಗಿ ಕಾಣಲ್ಲ ಅಂತ ಕಿತ್ತೆಸೆದು, ಅಚ್ಚು ಬದಲಾಯಿಸಿ, ನಟ್ಟು ಹಾಕಿದ.

"ಯಜಮಾನ್ರು ಅದುಕ್ಕೆ ಮೈಸೂರು ಪೇಟ ಒಂದು ಸುತ್ಲಿಲ್ಲ" ಅಂದಳು ಚಲುವಮ್ಮ, ಧನಿಯ ಹುರಿಯುತ್ತಾ.

"ಅವರ ಕೈಲಿ ಆಗಿದ್ದರೆ ಅದನ್ನೂ ಅರ್ಧ ಸುತ್ತುತ್ತಿದ್ದರು" ಅಂದಳು ಭಾನುಮತಿ.

ಗೇರು ಹೋದ ಮೇಲೆ ಚೈನಿನ ಬಿಗಿ ನಿಲ್ಲುವುದು ಹಿಂದಿನ ಚಕ್ರದ ಮೇಲೆ. ಚಕ್ರವನ್ನು ಹಿಂದಕ್ಕೆ ಎಳೆದು ಹಿಡಿದು, ಎರಡೂ ಪಕ್ಕದ ನಟ್ಟನ್ನು ಗಟ್ಟಿಯಾಗಿ ಬಿಗಿದರೆ ಚೈನು ಕೂತುಕೊಳ್ಳುತ್ತದೆ. ವಾಗೀಶ ಹಬ್ಬದ ಹಿಂದಿನ ಸಂಜೆ ಚಕ್ರ ಎಳೆದ, ನಟ್ಟನ್ನು ಬೆರಳಲ್ಲಿ ತಿರುಗಿಸಿದ, ಸ್ಪ್ಯಾನರಿಗೆ ಕೈ ಹಾಕಿದ. "ಭಾನು, ಕಾಫಿ!" ಅಂದ.

ಬೆಳಗಾದರೆ ಆಯುಧಪೂಜೆ. ಮಿಕ್ಕ ಯಾವ ವಿಷಯದಲ್ಲಿ ಹೇಗೋ ಏನೋ, ಈ ಪೂಜೆಯಲ್ಲಿ ವಾಗೀಶ ಲೋಪ ಮಾಡುವವನಲ್ಲ. ರಾಹುಕಾಲಕ್ಕೆ ಮುಂಚೆ ಮಣೆ ಹಾಕಿ, ಸ್ಪ್ಯಾನರು, ಇಕ್ಕಳ, ಸುತ್ತಿಗೆ, ಗಾಳಿ ಪಂಪು, ಒಂದೂ ಬಿಡದೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಬೂದುಗುಂಬಳ ಒಡೆದ. ಇಟ್ಟ ಮೇಲೆ ಮಾರನೇ ಬೆಳಿಗ್ಗೆಯ ತನಕ ಮುಟ್ಟುವ ಹಾಗಿಲ್ಲ. ಅವನ ಸ್ಪ್ಯಾನರುಗಳಿಗೆ ವರ್ಷವೆಲ್ಲ ಆಯುಧಪೂಜೆಯೇ ಅಂತ ಭಾನುಮತಿ ಮನಸ್ಸಿನಲ್ಲೇ ಅಂದುಕೊಂಡು, ತನ್ನ ಮಿಷನ್ನಿನ ಬೆಡ್‌ಶೀಟು ಸರಿಸಿ ಅದಕ್ಕೂ ಒಂದು ಕುಂಕುಮದ ಬೊಟ್ಟಿಟ್ಟಳು.

ಆಗ ತಾನೇ ಗೇಟಿನ ಹೊರಗೆ ಆಟೋ ನಿಂತಿತು. ಇಳಿದವನು ಸುಪ್ರೀತ್, ಹೆಬ್ಬಾಳದ ಒಂದು ಕಂಪನಿಯಲ್ಲಿ ಕೆಲಸ. ಫೋನಿನಲ್ಲಿ ವಾಗೀಶ ಹಾಕಿದ್ದ ಸೈಕಲ್ಲಿನ ಫೋಟೋ ನೋಡಿದ್ದನಂತೆ. ಒಳ್ಳೆಯ ದಿನ, ಇವತ್ತೇ ತೆಗೆದುಕೊಳ್ಳುತ್ತೇನೆ, ರಾತ್ರಿ ಬಸ್ಸಿನ ಮೇಲೆ ಹಾಕಿಕೊಂಡು ಊರಿಗೆ ಒಯ್ಯುತ್ತೇನೆ ಅಂದ. ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದ. "ಸೂಪರ್ ಸರ್" ಅಂದ. ವಾಗೀಶ ತಿರುಗಿ ಹೆಂಡತಿಯ ಮುಖ ನೋಡಿದ ರೀತಿಗೆ, ಅರಮನೆಯ ಗಡಿಯಾರಗಳೆಲ್ಲ ಒಟ್ಟಿಗೆ ಹನ್ನೆರಡು ಹೊಡೆಯಬೇಕಾಗಿತ್ತು.

ಭಾನುಮತಿ ಬೆಡ್‌ಶೀಟನ್ನು ಮತ್ತೆ ಮಿಷನ್ನಿನ ಮೇಲೆ ಎಳೆದಳು. ಮಿಷನ್ನಿಗೆ ಇನ್ನು ಹಜಾರವೇ ಗತಿ.

"ಒಂದು ರೌಂಡ್ ಹೋಗಿ ಬರ್ತೀನಿ ಸರ್" ಅಂತ ಸುಪ್ರೀತ್ ಹೊರಟ. ಬೀದಿಯ ಕೊನೆಯವರೆಗೆ ಹಂಸದ ಹಾಗೆ ಹೋದ. ತಿರುವಿನಲ್ಲಿ ಎದ್ದು ನಿಂತು ಪೆಡಲಿನ ಮೇಲೆ ಭಾರ ಹಾಕಿದ್ದೇ, ಹಿಂದಿನ ಚಕ್ರ ಸೊಟ್ಟಕ್ಕೆ ಜಾರಿ, ಟೈರು ಫ್ರೇಮಿನ ಕಂಬಿಗೆ ಒತ್ತಿ, ಚೈನು ಕಳಚಿ ಬಿತ್ತು. ಹುಡುಗ ಬೀಳಲಿಲ್ಲ, ಅದೊಂದು ಪುಣ್ಯ. ಬೆರಳೆಲ್ಲ ಕಪ್ಪು ಮಾಡಿಕೊಂಡು ಸೈಕಲ್ಲು ತಳ್ಳುತ್ತಾ ಬಂದ.

"ನಟ್ ಲೂಸಿದೆ ಸರ್, ಅಷ್ಟೇ. ಒಂದು ಸ್ಪ್ಯಾನರ್ ಕೊಡಿ, ನಾನೇ ಟೈಟ್ ಮಾಡ್ಕೋತೀನಿ."

"ಸ್ಪ್ಯಾನರ್?" ಅಂದ ವಾಗೀಶ. "ಇವತ್ತಾ?"

"ಅಲ್ಲೇ ಇದೆಯಲ್ಲ ಸರ್, ಮಣೆ ಮೇಲೆ."

"ಪೂಜೆಗೆ ಕೂತ ಆಯುಧ ಕಣಪ್ಪ ಅದು! ನಮ್ಮ ತಾತ ಈ ದಿನ ಅರಮನೆಯ ಗಡಿಯಾರಕ್ಕೂ ಕೀ ಕೊಡ್ತಿರಲಿಲ್ಲ."

"ಒಂದೇ ಒಂದು ಸುತ್ತು ಸರ್."

"ಒಂದಾದರೇನು, ಹತ್ತಾದರೇನು. ನೀನು ಕೂತ್ಕೋ, ಟೀ ಕುಡಿ. ನಾನು ಹೊರಗಡೆಯಿಂದ ತರ್ತೀನಿ. ಭಾನು, ಇವರಿಗೆ ಒಂದು ಶುಂಠಿ ಟೀ!"

ಭಾನುಮತಿ ಅಡುಗೆಮನೆಗೆ ಹೋದಳು. ಅಲ್ಲಿ ಚಲುವಮ್ಮ ಹಬ್ಬದ ಕಾಯಿ ತುರಿಯುತ್ತಿದ್ದವಳು ತುರಿಯುವುದನ್ನು ನಿಲ್ಲಿಸಿ, ಕಲ್ಲುಕಟ್ಟೆಯ ಮೇಲೆ ಕಣ್ಣು ನೆಟ್ಟು ಕೂತಿದ್ದಳು. ಕಟ್ಟೆಯ ಮೇಲೆ ಶುಂಠಿ ಇತ್ತು. ಶುಂಠಿಯ ಪಕ್ಕದಲ್ಲಿ ಒಂದು ಸ್ಪ್ಯಾನರ್ ಇತ್ತು.

ಮಿಷನ್ನಿನ ಜೊತೆ ಬಂದದ್ದು ಅದು, ಎರಡು ಕಡೆಯೂ ಬಾಯಿರುವಂಥದ್ದು. ಮಿಷನ್ನು ಕೂರಲಿಲ್ಲ, ಸ್ಪ್ಯಾನರಿಗೆ ಕೆಲಸವಿರಲಿಲ್ಲ. ಭಾರವಾಗಿ ಕೈಗೆ ಚೆನ್ನಾಗಿ ಕೂರುತ್ತದೆ ಅಂತ ಭಾನುಮತಿ ಅದರಲ್ಲಿ ಶುಂಠಿ ಜಜ್ಜಲು ಶುರುಮಾಡಿದ್ದಳು. ಸೌಟು ಚಮಚಗಳ ನಡುವೆ ಸೇರಿಹೋದದ್ದನ್ನು ಯಾರೂ ಆಯುಧವೆಂದು ಎಣಿಸಲಿಲ್ಲ, ಪೂಜೆಗೂ ಇಡಲಿಲ್ಲ. ಅದರ ಸಣ್ಣ ಬಾಯಿ ಸೈಕಲ್ಲಿನ ಹಿಂದಿನ ನಟ್ಟಿಗೆ ಸರಿಯಾಗಿ ಕೂರುತ್ತದೆ ಅನ್ನುವುದೂ ಭಾನುಮತಿಗೆ ಗೊತ್ತಿತ್ತು. ಅವನು ನಿದ್ದೆ ಮಾಡುತ್ತಿದ್ದ ಒಂದು ಮಧ್ಯಾಹ್ನ ಹಾಕಿ ನೋಡಿದ್ದಳು, ಸುಮ್ಮನೆ.

"ಕೊಟ್ಗಿಟ್ಟೀರಾ ಅಮ್ಮಾವ್ರೇ" ಅಂದಳು ಚಲುವಮ್ಮ, ಉಸಿರಿನಲ್ಲೇ. "ಕೊಟ್ರೆ ನಮ್ಮ ಮಿಷನ್ನು ಅಂಗೇ ಕೊಳೀತದೆ."

ಭಾನುಮತಿ ಸ್ಪ್ಯಾನರನ್ನು ಕೈಗೆ ತೆಗೆದುಕೊಂಡಳು. ಬಚ್ಚಿಟ್ಟುಕೊಂಡು ಗೆಲ್ಲುವುದು ಅವಳಿಗೆ ಹಿಡಿಸಲಿಲ್ಲ. ತಾನಾಗಿ ಹೋಗಿ ಆ ಮನುಷ್ಯನ ಕೈಗಿಟ್ಟು, ಮತ್ತೆ ಅರಮನೆ ಗಡಿಯಾರದ ಕಥೆ ಕೇಳುವುದೂ ಹಿಡಿಸಲಿಲ್ಲ.

"ಕೇಳಿದರೆ ಕೊಡ್ತೀನಿ ಚಲುವಮ್ಮ" ಅಂದಳು. "ಮನೇಲಿ ಒಂದು ಸ್ಪ್ಯಾನರ್ ಇದೆಯಾ ಅಂತ ಒಂದು ಮಾತು ಕೇಳಲಿ. ಆಗ ಇಲ್ಲ ಅನ್ನಲ್ಲ."

ಅಂದು, ಕಲ್ಲಿನ ಮೇಲೆ ಶುಂಠಿ ಇಟ್ಟು ಜಜ್ಜಿದಳು. ಕಬ್ಬಿಣದ ಸದ್ದು ಟಣ್ ಟಣ್ ಅಂತ ಹಜಾರ ದಾಟಿ ಬೀದಿಗೆ ಕೇಳುವ ಹಾಗೆ.

ವಾಗೀಶ ಆ ಸದ್ದಿನ ಮುಂದೆಯೇ ಹಾದು ಬೀದಿಗಿಳಿದ. ಪಕ್ಕದ ಮನೆಯ ಮಹದೇವಸ್ವಾಮಿಯ ಆಟೋ ಬಾಳೆಕಂದು ಕಟ್ಟಿಕೊಂಡು ಮದುಮಗನ ಹಾಗೆ ನಿಂತಿತ್ತು, ಟೂಲು ಚೀಲ ಹಾರದ ಕೆಳಗೆ. "ಇವತ್ತು ಅದನ್ನ ಬಿಚ್ಚಲ್ಲ ಸಾರ್" ಅಂದ ಮಹದೇವಸ್ವಾಮಿ. ಮೂಲೆಯ ಸೈಕಲ್ ಶಾಪಿನ ಮಂಟಯ್ಯ ಅರ್ಧ ಬಾಗಿಲು ಹಾಕಿಕೊಂಡು ಕಡ್ಲೆಪುರಿ ಹಂಚುತ್ತಿದ್ದ.

"ಅಯ್ಯೋ ಸ್ವಾಮಿ, ಇವತ್ತು ನನ್ ಪಂಪೂ ಕುಂಕುಮ ಇಟ್ಕೊಂಡು ಕೂತದೆ. ಸ್ಪ್ಯಾನರ್ ಕೇಳ್ತೀರಲ್ಲ!" ಅಂದ. "ಒಂದಿಷ್ಟು ಪುರಿ ತಿನ್ನಿ. ನೆನ್ನೆ ಏನ್ ಮಾಡ್ತಿದ್ರಿ?"

ವಾಗೀಶ ಪುರಿ ಹಿಡಿದುಕೊಂಡು ಮನೆಗೆ ಬಂದ. ಎದುರು ಮನೆಯವರನ್ನು ಕೇಳಿದ. ಹಿಂದಿನ ಬೀದಿಯ, ಮಾತು ಬಿಟ್ಟ ದಾಯಾದಿಯನ್ನೂ ಫೋನಿನಲ್ಲಿ ಕೇಳಿದ. ಬೀದಿಯಲ್ಲಿ ಕೇಳದವರು ಒಬ್ಬರೂ ಉಳಿಯಲಿಲ್ಲ. ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಮಾತ್ರ, "ಅಡ್ಡ ನಿಲ್ಲಬೇಡ, ಸರಿ" ಅಂದ.

ಅವಳು ಸರಿದಳು. ಇನ್ನೊಂದು ತುಂಡು ಶುಂಠಿ ತೆಗೆದುಕೊಂಡು, ಎರಡನೇ ಲೋಟದ ಟೀಗೆ ಅಂತ ಮತ್ತೆ ಜಜ್ಜಿದಳು. ಈ ಸಲ ಇನ್ನೂ ಜೋರಾಗಿ.

"ಟೀ ಚೆನ್ನಾಗಿತ್ತು ಆಂಟಿ" ಅಂದ ಸುಪ್ರೀತ್, ಎರಡನೇ ಲೋಟ ಕೆಳಗಿಡುತ್ತಾ. ವಾಗೀಶನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ ಸರ್. ಒಂದು ನಟ್ ಹೀಗಿದ್ರೆ ಮಿಕ್ಕಿದ್ದು ಹೇಗಿದೆಯೋ ಅನ್ನಿಸುತ್ತೆ. ಬರ್ತೀನಿ" ಅಂದ. ಗೇಟಿನವರೆಗೆ ಹೋದವನು ನಿಂತು, "ಅಂದಹಾಗೆ, ಆ ಗೇರ್ ಯಾಕೆ ತೆಗೆದ್ರಿ ಸರ್?" ಅಂತ ಕೇಳಿದ.

ವಾಗೀಶ ಉತ್ತರಕ್ಕೆ ಶುರುಮಾಡುವ ಹೊತ್ತಿಗೆ ಹುಡುಗ ಬೀದಿಯಲ್ಲಿ ಬಂದ ಒಂದು ಆಟೋ ಹತ್ತಿ ಹೊರಟುಬಿಟ್ಟಿದ್ದ.

"ಈಗಿನ ಕಾಲದ ಹುಡುಗರಿಗೆ ಸಂಪ್ರದಾಯ ಅನ್ನೋದೇ ಇಲ್ಲ" ಅಂತ ಖಾಲಿ ಬೀದಿಗೆ ಹೇಳಿ ಒಳಗೆ ಬಂದ.

ಮಾರನೇ ದಿನ ಚಲುವಮ್ಮ ಬೆಳಿಗ್ಗೆಯೇ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿನ ಮುಂದೆ ನಿಂತುಬಿಟ್ಟಳು. "ಒಪ್ಪಿದೆ" ಅನ್ನುವ ಮಾತನ್ನು ಅವಳ ಎದುರಿಗೇ ಆಡಿಬಿಟ್ಟಿದ್ದನಲ್ಲ, ವಾಗೀಶನಿಗೆ ದಾರಿ ಉಳಿದಿರಲಿಲ್ಲ. ಕೊಳೆತ ಜೇನುಪೆಟ್ಟಿಗೆ, ಅಣಬೆಯ ಚೀಲ, ಸೈಕಲ್ಲುಗಳ ಮೂಳೆ ಮೂಳೆ, ಎಲ್ಲ ಹೊರಗೆ ಬಂತು. ಕೆನೆ ಬಣ್ಣದ ಸೈಕಲ್ಲು ಕಾಂಪೌಂಡಿಗೆ ಒರಗಿತು. ಮಿಷನ್ನು ಒಳಗೆ ಹೋಯಿತು. ಕೂರಿಸಲು ಹೋದರೆ ಅವನ ಯಾವ ಸ್ಪ್ಯಾನರೂ ಮಿಷನ್ನಿನ ನಟ್ಟಿಗೆ ಹಿಡಿಯಲಿಲ್ಲ.

"ಇದರ ಜೊತೆ ಒಂದು ಬಂದಿರಬೇಕಲ್ಲ?" ಅಂದ.

ಭಾನುಮತಿ ಒಳಗೆ ಹೋಗಿ, ಶುಂಠಿಯ ನಾರನ್ನು ಸೆರಗಿನಲ್ಲಿ ಒರೆಸಿ, ತಂದುಕೊಟ್ಟಳು.

ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಮೂಸಿದ. ಎದ್ದು ಕಾಂಪೌಂಡಿನ ಹತ್ತಿರ ಹೋಗಿ, ಸಣ್ಣ ಬಾಯಿಯನ್ನು ಸೈಕಲ್ಲಿನ ಹಿಂದಿನ ನಟ್ಟಿಗೆ ಹಾಕಿದ. ಕೂತಿತು. ಬಿಗಿ ಮಾತ್ರ ಮಾಡಲಿಲ್ಲ.

"ನೆನ್ನೆ ಇದು ಎಲ್ಲಿತ್ತು?"

"ಒಳಗಿತ್ತು. ಶುಂಠಿ ಜಜ್ಜುತ್ತಿದ್ದೆ. ಎರಡು ಸಲ ಜಜ್ಜಿದೆ."

"ನನಗೆ ಹೇಳಬಾರದಿತ್ತಾ?"

"ಬೀದಿಯಲ್ಲೆಲ್ಲ ಕೇಳಿದಿರಿ" ಅಂದಳು ಭಾನುಮತಿ. "ಅಡುಗೆಮನೆ ಕಡೆ ತಿರುಗಲಿಲ್ಲ."

ಅವನು ಬಾಯಿ ತೆರೆದ. ತಾತನ ಹೆಸರು ತುಟಿಯವರೆಗೆ ಬಂದದ್ದು ಅವಳಿಗೆ ಕಾಣಿಸಿತು. ಚಲುವಮ್ಮ ಒಂದು ಸಲ ಕೆಮ್ಮಿದಳು. ತಾತ ಒಳಗೇ ಉಳಿದರು. ವಾಗೀಶ ಬಂದು ಮಿಷನ್ನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತಿರುಗಿಸತೊಡಗಿದ. ಮುಕ್ಕಾಲು ಭಾಗ ಆಯಿತು. ಕೈ ತಾನಾಗಿ ನಿಂತಿತು, ಬೆನ್ನು ತಾನಾಗಿ ನೆಟ್ಟಗಾಯಿತು.

"ಭಾನು, ಒಂದು ಲೋಟ ಕಾ..."

"ಇನ್ನೊಂದು ಸುತ್ತು ಇದೆ" ಅಂದಳು ಭಾನುಮತಿ, ಜಾಗ ಬಿಟ್ಟು ಕದಲದೆ.

ಅವನು ಅವಳ ಮುಖ ನೋಡಿದ. ನಟ್ಟು ನೋಡಿದ. ತಿರುಗಿಸಿದ. ಕಿರ್ ಅಂತ ಸದ್ದಾಗಿ ನಟ್ಟು ಇನ್ನು ತಿರುಗಲಾರದೆ ನಿಂತ ಮೇಲೆ, ಅವಳು ಒಳಗೆ ಹೋಗಿ ಹಾಲನ್ನು ಒಲೆಯ ಮೇಲಿಟ್ಟಳು.