ಅಪ್ಪನ ಸ್ವರ ಬಿದ್ದ ಮೇಲೆ

ನಾನು ಚಿಕ್ಕವನಿದ್ದಾಗ ಅಪ್ಪನ ಸ್ವರ ನಮ್ಮೂರು ಬೋಳಾರದ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತು. ಅವರು ಕ್ರೈಸ್ತ ಸಭೆಯ ಉಪದೇಶಿ. ಊರೂರು ಸುತ್ತಿ, ಸಂತೆಯ ಬದಿಯಲ್ಲೋ ಮರದ ನೆರಳಲ್ಲೋ ನಿಂತು, ಹಾಡಿ, ಯೇಸುವಿನ ಕಥೆ ಹೇಳುವುದು ಅವರ ಕೆಲಸ. ಮೈಕು ಅಪರೂಪವಾಗಿದ್ದ ಕಾಲ. ಅಪ್ಪನಿಗೆ ಅದರ ಅಗತ್ಯವೂ ಇರಲಿಲ್ಲ. ಭಾನುವಾರ ಅವರು ಹಾಡು ಎತ್ತಿದರೆ ಸಭೆಯ ದೇವಾಲಯದ ಹಂಚಿನ ಮಾಡಿನಲ್ಲಿ ಕುಳಿತ ಪಾರಿವಾಳಗಳು ಬೆಚ್ಚಿ ಹಾರುತ್ತಿದ್ದವು.

ಒಂದು ಮಳೆಗಾಲದಲ್ಲಿ ಆ ಸ್ವರ ಬಿದ್ದುಹೋಯಿತು. ಮೊದಲು ಕೆಮ್ಮು, ಆಮೇಲೆ ಗಂಟಲಿನ ಆಪರೇಷನ್. ಗುಣವಾಗಿ ಮನೆಗೆ ಬಂದರು, ಆದರೆ ಪಿಸುಮಾತು ಮಾತ್ರ ಉಳಿದಿತ್ತು. ಇನ್ನು ಇಷ್ಟೇ ಎಂದರು ಡಾಕ್ಟರು. ಅಪ್ಪ ದಿನವಿಡೀ ಜಗಲಿಯಲ್ಲಿ ಕುಳಿತು ಹಂಚಿನ ಕಾರ್ಖಾನೆಯ ಹೊಗೆ ನದಿಯ ಕಡೆ ಸಾಗುವುದನ್ನು ನೋಡುತ್ತಿದ್ದರು. ಅಕ್ಕ ತಂದಿಟ್ಟ ಕಾಫಿ ಅಲ್ಲೇ ಆರಿಹೋಗುತ್ತಿತ್ತು.

ಸಭೆಯ ಹಿರಿಯರು ಬಂದು, ಪುಸ್ತಕದ ಕೋಣೆ ನೋಡಿಕೊಂಡಿರಿ, ಅಲ್ಲಿ ಹೆಚ್ಚು ಮಾತಾಡಬೇಕಾಗಿಲ್ಲ ಎಂದರು. ಅಪ್ಪ ಒಪ್ಪಲಿಲ್ಲ. ಹಿರಿಯರು ಹೋದ ಮೇಲೆ ಅಮ್ಮನನ್ನು ಹತ್ತಿರ ಕರೆದರು.

"ನದಿಯಾಚೆ ಬೆಂಗ್ರೆಯಲ್ಲಿ ಶಾಲೆಗೆ ಹೋಗದ ಮಕ್ಕಳು ತುಂಬ ಉಂಟು. ನಾವು ಅಲ್ಲಿಗೆ ಹೋಗುವ."

"ಎಂತ ಮಾರಾಯ್ರೆ! ಸ್ವರ ಇಲ್ಲದೆ ಮಕ್ಕಳಿಗೆ ಕಲಿಸುದು ಹೇಗೆ?"

"ಗೊತ್ತಿಲ್ಲ. ಹೋಗಿ ನೋಡುವ."

ಮಳೆ ನಿಂತು ನದಿ ತಿಳಿಯಾದಾಗ ನಾವು ಬಂದರಿನಿಂದ ದೋಣಿ ಹತ್ತಿದೆವು. ಎರಡು ಪೆಟ್ಟಿಗೆ, ಚಾಪೆಗಳು, ಪಾತ್ರೆಯ ಗೋಣಿ. ಗೆಳತಿಯರನ್ನು ಬಿಟ್ಟು ಬಂದ ಅಕ್ಕ ದಾರಿಯುದ್ದಕ್ಕೂ ಮುಖ ತಿರುಗಿಸಿ ಕುಳಿತಿದ್ದಳು. ಆಚೆ ದಡ ಹತ್ತಿರವಾದಂತೆ ಒಣಮೀನಿನ ವಾಸನೆ ಬಂತು. ಕಾಲಿಟ್ಟರೆ ಬಿಸಿ ಮರಳು.

ಸಂಜೆ ಅಪ್ಪ ದಡದಲ್ಲಿ ನಿಂತು ಮಕ್ಕಳನ್ನು ಕರೆದರು. ಗಾಳಿಗೆ ಅವರ ಮಾತು ಬಾಯಿಂದ ಹೊರಬಂದಲ್ಲೇ ಹಾರಿಹೋಯಿತು. ಒಬ್ಬ ಹುಡುಗ ಅದೇ ರೀತಿ ಬಾಯಿ ಆಡಿಸಿ ತೋರಿಸಿದ. ಎಲ್ಲರೂ ನಕ್ಕರು. ಇಡೀ ದಿನ ಮುನಿಸಿಕೊಂಡಿದ್ದ ಅಕ್ಕ ತಟ್ಟನೆ ಎದ್ದು, "ನಗಾಡುದು ಎಂತಕ್ಕೆ? ನಮ್ಮ ಅಪ್ಪನಿಗೆ ಗಂಟಲು ಸರಿ ಇಲ್ಲ!" ಎಂದು ಕಿರುಚಿದಳು. ಅವಳ ಕಣ್ಣಲ್ಲಿ ನೀರು.

ಅಲ್ಲೇ ದೋಣಿಯೊಂದರ ನೆರಳಲ್ಲಿ ಬಲೆ ಸರಿಮಾಡುತ್ತಿದ್ದ ಮುದುಕರು ತಲೆ ಎತ್ತಿದರು. ಅಪ್ಪನನ್ನು ಯಾವುದೋ ಸಂತೆಯಲ್ಲಿ ನೋಡಿದವರಿರಬೇಕು. ಅವರ ಪಕ್ಕದಲ್ಲಿ ನನ್ನಷ್ಟೇ ದೊಡ್ಡ ಮೊಮ್ಮಗಳು.

"ಉಪದೇಶಿಗಳೇ, ನಮಗೆ ನಮ್ಮ ದೇವರು, ದೈವ ಎಲ್ಲ ಉಂಟು. ನಮ್ಮ ಮಕ್ಕಳನ್ನು ನೀವು ಎಂತ ಮಾಡ್ತೀರಿ?"

ಅಪ್ಪ ಏನೋ ಹೇಳಿದರು.

"ಕೇಳುದಿಲ್ಲ. ಗಟ್ಟಿ ಹೇಳಿ."

ಅಪ್ಪ ಗಂಟಲು ತೋರಿಸಿ ತಲೆಯಾಡಿಸಿದರು. ಮುದುಕರು ಬಲೆ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಅಪ್ಪನ ಬಾಯಿಗೆ ಕಿವಿ ಕೊಟ್ಟರು. ಅಪ್ಪನ ಪಕ್ಕದಲ್ಲೇ ಇದ್ದ ನನಗೆ ಮಾತು ಕೇಳಿಸಿತು. "ಓದಲು, ಬರೆಯಲು ಕಲಿಸ್ತೇನೆ. ಯಾರ ದೇವರನ್ನೂ ಬಿಡಿಸುದಿಲ್ಲ. ನನ್ನ ದೇವರು ನನ್ನನ್ನು ಇಲ್ಲಿಗೆ ಕಳಿಸಿದ, ಅಷ್ಟೇ. ಬೇಡ ಅಂದ್ರೆ ನಾಳೆಯೇ ಹೋಗ್ತೇನೆ."

ಮುದುಕರು ಅಪ್ಪನ ಮುಖವನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿದರು. ಅಮ್ಮ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಮುದುಕರು ಮೊಮ್ಮಗಳ ಕಡೆ ತಿರುಗಿ, "ಹೋಗು ಮಗಾ, ಕೂತುಕೋ. ಹತ್ತಿರ ಕೂತುಕೋ, ಇಲ್ಲದಿದ್ರೆ ಕೇಳುದಿಲ್ಲ," ಎಂದರು.

ಅಪ್ಪ ಮರಳ ಮೇಲೆ ಕುಳಿತು ಬೆರಳಿನಿಂದ 'ದ' ಬರೆದು, ದೋಣಿಯತ್ತ ಕೈ ತೋರಿಸಿದರು. ಆ ಹುಡುಗಿ "ದೋಣಿ!" ಎಂದಳು. ಏನು ನಡೆಯುತ್ತಿದೆ ಎಂದು ನೋಡಲು ಉಳಿದವರೂ ಬಂದರು. ದೂರ ನಿಂತರೆ ಒಂದಕ್ಷರವೂ ಕೇಳುವುದಿಲ್ಲವಲ್ಲ! ಒಬ್ಬರ ಮೇಲೊಬ್ಬರು ಬಗ್ಗಿ, ಉಪ್ಪುನೀರಿನ ವಾಸನೆಯ ತಲೆಗಳೆಲ್ಲ ಅಪ್ಪನ ಸುತ್ತ ಕೂಡಿದವು. ಅಣಕಿಸಿದ ಹುಡುಗನೇ "ಗಲಾಟೆ ಮಾಡ್ಬೇಡಿ, ಮಾಷ್ಟ್ರು ಹೇಳ್ತಾ ಇದ್ದಾರೆ" ಎಂದು ಉಳಿದವರನ್ನು ಗದರಿಸಿದ. ಆಪರೇಷನ್ ಆದ ಮೇಲೆ ಅಪ್ಪ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ನಾವು ಬೆಂಗ್ರೆಯಲ್ಲಿ ಹಲವು ವರ್ಷ ಇದ್ದೆವು. ಅಪ್ಪ ಮತ್ತೆ ಎಂದೂ ಸಂತೆಯಲ್ಲಿ ನಿಂತು ಹಾಡಲಿಲ್ಲ. ಅದಕ್ಕಾಗಿ ಅವರು ಮರುಗಿದ್ದನ್ನೂ ನಾನು ಕಾಣಲಿಲ್ಲ.

ಮೊಮ್ಮಕ್ಕಳೇ, ಜೂನ್ ಬಂದರೆ ನೀವು ಹೊಸ ಶಾಲೆಗೆ ಹೋಗುವವರು. ಬಸ್ಸು ಗೇಟಿನವರೆಗೆ ಬರುತ್ತದೆ, ಕ್ಲಾಸಿನಲ್ಲಿ ಫ್ಯಾನ್ ಉಂಟು, ಪಾಠ ಗೋಡೆಯ ಮೇಲೆ ಬಣ್ಣಬಣ್ಣವಾಗಿ ಮೂಡುತ್ತದೆ. ನಮಗೆ ಅದೊಂದೂ ಇರಲಿಲ್ಲ. ಇದ್ದಿದ್ದರೆ ನಾನೇನೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅಲ್ಲಿ ಯಾರೂ ಗೊತ್ತಿಲ್ಲ ಎಂದು ನಿನ್ನೆ ನೀವಿಬ್ಬರೂ ಊಟ ಬಿಟ್ಟಿರಲ್ಲ, ಹೊಸ ಜಾಗದ ಆ ಅಂಜಿಕೆ ಮಾತ್ರ ಆಗಲೂ ಈಗಲೂ ಒಂದೇ. ಮೊದಲ ದಿನದ ಸಂಜೆ ಮನೆಗೆ ಬನ್ನಿ. ಅಂಜಿಕೆ ಕರಗಿ ಎಷ್ಟು ಹಸಿವಾಗಿರುತ್ತದೆ, ನೋಡಿ.