ಗಿಣಿ ಬಟ್ಟೆಯ ಜೋಲಿ

ಕೆಂಗೇರಿಯ ನರಸಮ್ಮನಿಗೆ ಮಕ್ಕಳಿರಲಿಲ್ಲ. ಆದರೂ ಅವಳ ಪಡಸಾಲೆಯ ತೊಲೆಗೆ ಮೂರು ವರ್ಷ ಒಂದು ಜೋಲಿ ಕಟ್ಟಿತ್ತು. ಅದರೊಳಗೆ ಗಿಣಿಗಳ ಚಿತ್ರವಿದ್ದ ಪುಟ್ಟ ಹಾಸಿಗೆ, ಅದರ ಮೇಲೆ ಒರಳಿನ ಗುಂಡುಕಲ್ಲು. ಗಂಡ ರೈಲ್ವೆ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ ಅವಳು ಕಲ್ಲನ್ನು ತೂಗುತ್ತಿದ್ದಳು. ಹಗ್ಗ ಕಿರುಗುಟ್ಟಿದರೆ ಪಕ್ಕದ ಮನೆಯವರು ಮಾತು ನಿಲ್ಲಿಸುತ್ತಿದ್ದರು.

ಜೋಲಿಗೆ ಹಾಸಿಗೆ ಹೊಲಿಯುವುದು ಅವಳ ಕಸುಬು. ಒಳಗೆ ಬೂರುಗದ ಹತ್ತಿ. ಮೇಲಿನ ಗವಸಿಗೆ ಮನೆಯ ಹಿರಿಯಳ ಹಳೆಯ ಸೀರೆ. ಒಗೆದು ಒಗೆದು ತೆಳುವಾದ ಬಟ್ಟೆಯೇ ಹಸುಗೂಸಿಗೆ ಹಿತ. 1954ರ ಬೇಸಿಗೆಯಲ್ಲಿ ಅದೇ ಬೀದಿಯ ಜಗದಾಂಬಾಳ ಚೊಚ್ಚಲ ಮಗುವಿಗೆ ಮಾತ್ರ ಗಿಣಿ ಅಚ್ಚಿನ ಹೊಸ ಚೀಟಿ ಬಟ್ಟೆ ಹಾಕಿದ್ದಳು. ಗಿಣಿಗಳು ಚೆನ್ನಾಗಿದ್ದವು, ಬಟ್ಟೆ ದಪ್ಪ, ಗಂಜಿ ಬಿಟ್ಟಿರಲಿಲ್ಲ. ಇಪ್ಪತ್ತೊಂದನೆಯ ದಿನ ಮಗು ಆ ಹಾಸಿಗೆಯಲ್ಲೇ ತೀರಿಕೊಂಡಿತು. ಜ್ವರ ಎಂದರು ಡಾಕ್ಟರು. ನರಸಮ್ಮ ನೋಡಿದ್ದು ಬೆನ್ನ ತುಂಬ ಎದ್ದಿದ್ದ ಬೆವರುಸಾಲೆ. ಹೊಳೆಗೆ ಬಿಡಲೆಂದು ಕೊಟ್ಟ ಹಾಸಿಗೆಯನ್ನು ಅವಳು ಮನೆಗೆ ತಂದಳು. ಆಮೇಲೆ ಮಕ್ಕಳಿಗೆ ಹೊಲಿಯಲಿಲ್ಲ.

1957ರಲ್ಲಿ ಜಗದಾಂಬಾ ಮತ್ತೆ ಹೆತ್ತಳು. ನಾಮಕರಣದ ಹಿಂದಿನ ದಿನ ಅವಳ ಅತ್ತೆ ಲಿಂಗಮ್ಮ ನರಸಮ್ಮನ ಬಾಗಿಲಿಗೆ ಬಂದಳು.

“ಬಾರೇ, ಜೋಲಿಗೆ ಹಾಸಿಗೆ ಆಗ್ಬೇಕು.”

“ನನ್ನ ಕೈಲಿ ಬೇಡಿ ಲಿಂಗಕ್ಕ.”

“ಕಲ್ಲು ತೂಗೋಕೆ ಕೈ ಬರತ್ತೆ, ಮಗೂಗೊಂದು ಗವಸು ಹೊಲಿಯೋಕೆ ಬರಲ್ವೇನೆ?”

ನರಸಮ್ಮ ಹಿಂದೆಯೇ ಹೋದಳು. ಬಾಣಂತಿ ಕೋಣೆಯಲ್ಲಿ ಮೂರು ಬಟ್ಟೆ ಇಟ್ಟಿದ್ದರು: ತೆಳು ನೂಲಿನ ಹೊಸ ಮಲ್, ಒಂದು ಪಂಚೆ, ಲಿಂಗಮ್ಮನ ಸವೆದ ಸೀರೆ. ನರಸಮ್ಮ ಒಂದೊಂದನ್ನೂ ಮಡಚಿ ಮುಖದ ಮೇಲೆ ಹಾಕಿಕೊಂಡು ಉಸಿರೆಳೆದಳು. ಮಲ್ ಹಗುರವಾಗಿತ್ತು, ಗಂಜಿ ವಾಸನೆ. ಪಂಚೆ ಮೂಗಿಗೆ ಒತ್ತಿತು. ಸೀರೆಯೊಳಗೆ ಅವಳು ಬಹಳ ಹೊತ್ತು ಉಳಿದಳು.

“ನರಸಕ್ಕ,” ಎಂದಳು ಜಗದಾಂಬಾ ಮಂಚದಿಂದ, “ಆವತ್ತು ಗಿಣಿ ಬಟ್ಟೇನೇ ಬೇಕು ಅಂತ ಹಟ ಮಾಡಿದ್ದು ನಾನು. ನೀವು ಬೇಡ ಅಂದ್ರಿ.”

“ಇಲ್ಲ ಕಣವ್ವ. ಹಾಕೋಣ ಅಂದಿದ್ದು ನಾನೇ.”

“ಇಬ್ರೂ ಸುಮ್ನಿರಿ,” ಎಂದಳು ಲಿಂಗಮ್ಮ. “ಪೇಟೆಯಿಂದ ಅದನ್ನ ತಂದೋಳು ನಾನು.”

ಮಗು ಸೀನಿತು. ನರಸಮ್ಮ ಸೀರೆಗೆ ಕತ್ತರಿ ಹಾಕಿದಳು.

ನಾಮಕರಣದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಜೋಲಿಯಲ್ಲಿ ಮಲಗಿಸುವುದು ಪದ್ಧತಿ. ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. “ನಿನ್ನ ಕಲ್ಲೇ ತಗೊಂಡ್ಬಾ,” ಎಂದಿದ್ದಳು ಲಿಂಗಮ್ಮ. “ತೂಗಿಸ್ಕೊಂಡು ಅಭ್ಯಾಸ ಅದಕ್ಕೆ.” ನರಸಮ್ಮ ಕಲ್ಲನ್ನು ಮಲಗಿಸಿದಳು, ಎತ್ತಿದಳು, ಆ ಜಾಗದಲ್ಲಿ ಮಗು ಮಲಗಿತು. ಸ್ವಲ್ಪ ಹೊತ್ತಿನ ಮೇಲೆ ಅದರ ಬೆನ್ನ ಕೆಳಗೆ ಕೈ ತೂರಿಸಿದಳು. ಒಣಗಿತ್ತು.

ಸಂಜೆ ಕಲ್ಲು ಒರಳಿಗೆ ಮರಳಿತು. ಗಿಣಿ ಹಾಸಿಗೆಯನ್ನು ತನ್ನ ಮನೆಯ ಜೋಲಿಯಿಂದ ತೆಗೆಯಲು ಮಾತ್ರ ಅವಳಿಂದಾಗಲಿಲ್ಲ.

ಮಾರನೆಯ ಮಧ್ಯಾಹ್ನ ಹಗ್ಗ ಕಿರುಗುಟ್ಟಲಿಲ್ಲ; ಪಕ್ಕದ ಮನೆಯವರು ಮತ್ತೆ ಮಾತು ನಿಲ್ಲಿಸಿದರು. ನರಸಮ್ಮನ ಬಾಗಿಲಿಗೆ ಬೀಗ ಹಾಕಿತ್ತು. ಅವಳು ಲಿಂಗಮ್ಮನ ಮನೆಯಲ್ಲಿ, ಮಗುವಿನ ಬೆನ್ನು ಮುಟ್ಟಿ ನೋಡುತ್ತ ಕುಳಿತಿದ್ದಳು.